ನ್ಯೂಕ್ಲಿಯಾ, ಹಲಗಿ ಮತ್ತ ನಮ್ಮಪ್ಪ



ಸಂಗೀತದ ಬಗ್ಗೆ ನಾನು ಬರೆಯೋದು ಇದೇ ಮೊದಲು. ರಾಗ ತಾಳ ನನಗ ಗೊತ್ತಿಲ್ಲ. ಹೋರಾಟದ ಹಾಡು ಹಾಡುವಾಗ ಹಿಂದೆ ನಿಂತು ಪಲ್ಲವಿಗಷ್ಟೇ ದನಿ ಕೂಡಿಸುವ ಪೈಕಿ. ಆದರೂ ಈ ವಾರ ಒಂದು ವಿಷಯ ತಲಿ ಕೊರಿಯಾಕತ್ತದ. ಉದ್ದ ಆಗ್ತದ, ಪುರಸೊತ್ತಿದ್ದವರು ಓದ್ರಿ.

ಅಣ್ಣನ ಮಗ ಬೆಂಗಳೂರಾಗ ಕೆಲಸಕ್ಕಿದ್ದಾನ. ಅಲ್ಲಿ ಮುಂದಿನ ತಿಂಗಳು ಒಂದು ಮ್ಯೂಸಿಕ್ ಫೆಸ್ಟಿವಲ್ ಅದ, ನ್ಯೂಕ್ಲಿಯಾ ಬರ್ತಾನ, ನಿನಗೂ ಟಿಕೆಟ್ ತಗಿಸೀನಿ ಅಂದ. "ಕಾಕಾ, ಬರೂಕಿಂತ ಮೊದಲ ಒಂದೀಟು ಕೇಳಿ ಬಾ, ಇಲ್ಲಂದ್ರ ಅಲ್ಲಿ ಕಿವಿ ಮುಚ್ಕೊಂಡು ಕೂಡ್ತಿ" ಅಂತ ಹತ್ತು ಲಿಂಕ್ ಕಳಿಸಿದ.

ಹೆಸರು ಕೇಳಿದರೆ ಅಣುಸ್ಥಾವರ ನೆನಪಾಗ್ತದ. ಮನುಷ್ಯನ ಸ್ವಂತ ಹೆಸರು ಉದ್ಯನ್ ಸಾಗರ್, ಅಹಮದಾಬಾದಿನಾಗ ಬೆಳೆದವ. ಮೊದಲು ಬಂದಿಶ್ ಪ್ರಾಜೆಕ್ಟ್ ಅನ್ನೋ ತಂಡದಾಗಿದ್ದ, ಆಮೇಲೆ ಒಬ್ಬನೇ ಹೊಂಟ. 2015ರಲ್ಲಿ 'ಬಾಸ್ ರಾಣಿ', 2016ರಲ್ಲಿ 'ರಾಜಾ ಬಾಜಾ' ಅಂತ ಆಲ್ಬಂ ತಂದ. ವಿಡಿಯೋದಾಗ ನೋಡಿದರೆ ವೇದಿಕೆ ಮೇಲೆ ಒಂದು ಮೇಜು, ಅದರ ಮೇಲೆ ಗುಂಡಿಗಳಿರೋ ಯಂತ್ರ, ಹಿಂದೆ ಇವನೊಬ್ಬ. ಕೆಳಗೆ ಸಾವಿರಾರು ಹುಡುಗರು ಕೈ ಮ್ಯಾಲೆತ್ತಿ ಜಿಗೀತಿರ್ತಾರ.

ತಿಕೋಟಾದಿಂದ ವಿಜಯಪುರಕ್ಕೆ ಸುಮಾರು 20 ಕಿಲೋಮೀಟರ್. ಕಚೇರಿಗೆ ಹೋಗೋ ಬಸ್ಸಿನಾಗ ದಿನಾ ಎರಡು ಮೂರು ಹಾಡು ಕೇಳಿದೆ. 'ಲೌಂಗ್ ಗವಾಚಾ' ಪಂಜಾಬಿನ ಹಳೇ ಜಾನಪದ ಹಾಡಂತ. ಹೆಣ್ಣುಮಗಳ ದನಿ ಚಂದ ಹೊಂಟಿರ್ತದ, ಹಿಂದಿನ ಸಪ್ಪಳ ಏರ್ತಾ ಏರ್ತಾ ಹೋಗ್ತದ, ಒಮ್ಮೆಲೇ ಎಲ್ಲಾ ಬಂದ್. ಬಸ್ಸು ಹಂಪ್ ಹಾರಿದಾಗ ಹೊಟ್ಟಿ ಖಾಲಿ ಆಗ್ತದಲ್ಲ, ಹಂಗ. ಮರುಕ್ಷಣ ಎದಿ ಮೇಲೆ ಧಡ್ ಅಂತ ಬೀಳ್ತದ. ಇದಕ್ಕ 'ಡ್ರಾಪ್' ಅಂತಾರಂತ. ಮೊದಲ ದಿನ ತಲಿನೋವು ಬಂತು. ಮೂರನೇ ದಿನ ನನ್ನ ಬೆರಳು ತಾವೇ ಮುಂದಿನ ಸೀಟಿನ ಕಂಬಿ ಮೇಲೆ ಬಡಿಯಾಕ ಹತ್ತಿದ್ದವು. ಬಾಜೂಕ ಕುಂತ ಹೆಣ್ಣುಮಗಳು ಹೊಳ್ಳಿ ನೋಡಿದಳು.

ಬೆರಳಿಗೆ ಆ ಬಡಿತ ಮೊದಲೇ ಗೊತ್ತಿತ್ತು. ಈ ನ್ಯೂಕ್ಲಿಯಾ ತನ್ನ ಸಪ್ಪಳ ಎತ್ತಿಕೊಳ್ಳೋದು ಬೀದಿಯಿಂದ. ಗಣಪತಿ ಮೆರವಣಿಗೆಯ ಡೋಲು, ಮದುವಿ ಬ್ಯಾಂಡು, ದಕ್ಷಿಣದ ಕೇರಿಗಳ ಚರ್ಮವಾದ್ಯ. ತಮಿಳುನಾಡಿನಾಗ ಪರೈ, ಮೈಸೂರು ಕಡೆ ತಮಟೆ, ನಮ್ಮ ಕಡೆ ಹಲಗಿ. ಹೆಸರು ಬ್ಯಾರೆ, ಬಡಿಯೋರ ಕೇರಿ ಒಂದೇ.

ತೊರವಿ ದಾಟುವಾಗ ಪ್ರತಿ ಸಲ ಒಂದು ಮಾತು ನೆನಪಾಗ್ತದ. ಎರಡನೇ ಇಬ್ರಾಹಿಂ ಆದಿಲ್‌ಶಾಹಿ 1599ರಲ್ಲಿ ಅಲ್ಲಿ ನವರಸಪುರ ಅಂತ ಊರೇ ಕಟ್ಟಿಸಾಕ ಹಚ್ಚಿದ, ಸಂಗೀತದ ಹುಚ್ಚಿಗೆ. ಸಂಗೀತ ಮಹಲು ಇವತ್ತಿಗೂ ಹಾಳುಬಿದ್ದು ನಿಂತದ. 1624ರಲ್ಲಿ ಆ ಊರು ಹಾಳು ಮಾಡಿದವ ಮಲಿಕ್ ಅಂಬರ್, ಇಥಿಯೋಪಿಯಾದಿಂದ ಗುಲಾಮನಾಗಿ ಮಾರಾಟವಾಗಿ ಬಂದವ. (ಅವನ ಬಗ್ಗೆ ಇನ್ನೊಂದು ದಿನ ಬರೀತೀನಿ.) ಆ ಊರಿನ ಹೆಸರಿನಾಗ ನಮ್ಮ ಜಿಲ್ಲೆಯೊಳಗ ನವರಸಪುರ ಉತ್ಸವ ಅಂತ ಮಾಡಿಕೋತ ಬಂದಾರ. ಯಾವ ಸರ್ಕಾರಿ ಉತ್ಸವ ಬೇಕಾದರೂ ನೋಡ್ರಿ. ಗಾಯನ, ಸಿತಾರ, ತಬಲಾ ವೇದಿಕೆ ಮೇಲೆ. ಹಲಗಿ ಎಲ್ಲಿ? ಬೆಳಿಗ್ಗೆ ಮೆರವಣಿಗೆಯಲ್ಲಿ, ಬಿಸಿಲಾಗ, ಗಣ್ಯರ ಮುಂದೆ ಹಾದಿ ಬಿಡಿಸಿಕೋತ. ಸಂಜೆ ಕುರ್ಚಿ ಹಾಕೋ ಹೊತ್ತಿಗೆ ಹಲಗಿಯವರು ಊರ ಬಸ್ ಹತ್ತಿರ್ತಾರ.

ನ್ಯೂಕ್ಲಿಯಾ ಆ ಬಡಿತ ವೇದಿಕೆಗೆ ಹತ್ತಿಸಿದ. ಅದು ಸಣ್ಣ ಮಾತಲ್ಲ, ಒಪ್ಪತೀನಿ. ಆದರೆ ಬಡಿತ ಹತ್ತಿತು, ಬಡಿಯೋ ಕೈ ಹತ್ತಲಿಲ್ಲ. ನನ್ನ ಫೋನಿನ ಪರದೆ ಮೇಲೆ ಹಾಡಿದವರ ಹೆಸರು ಬರ್ತದ. 'ಜಂಗಲ್ ರಾಜಾ' ಹಾಡಿಗೆ ಮುಂಬೈನ ರ‍್ಯಾಪರ್ ಡಿವೈನ್ ಹೆಸರು ಅದ. ಡೋಲು ಬಡಿದವ ಯಾರಂತ ಹುಡುಕಿದೆ, ನನಗ ಸಿಗಲಿಲ್ಲ. ಇದು ಅವನೊಬ್ಬನ ತಪ್ಪು ಅಂತ ಹೇಳೂದಿಲ್ಲ, ಆ ಧಂದೆ ನಡೆಯೋದೇ ಹಂಗ. ಒಬ್ಬ ಬಡೀತಾನ, ಒಬ್ಬ ಧ್ವನಿಮುದ್ರಣ ಮಾಡ್ತಾನ, ಅದನ್ನ ತುಂಡು ತುಂಡು ಕತ್ತರಿಸಿ 'ಸ್ಯಾಂಪಲ್ ಪ್ಯಾಕ್' ಅಂತ ಮಾರ್ತಾರ. ಕೊಂಡವ ಎಷ್ಟು ಸಲ ಬೇಕಾದರೂ ತಿರುಗಾಮುರುಗಾ ಹಚ್ಚಬಹುದು. ಬಡಿದವನಿಗೆ ಅವತ್ತಿನ ಕೂಲಿ ಸಿಕ್ಕರೆ ಅದೇ ಪುಣ್ಯ.

ಹೆಸರಿರೋರಿಗೂ ಏನಾತು ಗೊತ್ತಲ್ಲ. 2021ರಲ್ಲಿ 'ಎಂಜಾಯ್ ಎಂಜಾಮಿ' ಹಾಡು ದೇಶ ತುಂಬ ಓಡಾಡಿತು. ಭೂಮಿ ಇಲ್ಲದೆ ದುಡಿದು ಸತ್ತ ಅಜ್ಜ ಅಜ್ಜಿಯರ ಕತಿ ಅದು, ಬರೆದವ ಅರಿವು. ಅದೇ ವರ್ಷ ಆಗಸ್ಟ್‌ನಲ್ಲಿ ರೋಲಿಂಗ್ ಸ್ಟೋನ್ ಇಂಡಿಯಾ ಮುಖಪುಟದ ಮೇಲೆ ಆ ಹಾಡಿನ ಗಾಯಕಿ ಇದ್ದಳು, ಇನ್ನೊಬ್ಬ ಕಲಾವಿದ ಇದ್ದ, ಅರಿವು ಇರಲಿಲ್ಲ. ಪಾ. ರಂಜಿತ್ ಬಾಯಿ ಮಾಡಿದ ಮೇಲೆ ಅಷ್ಟು ಗದ್ದಲ ಆತು. ಟೆಕ್ನೋ ಸಂಗೀತದ್ದೂ ಇದೇ ಕತಿ. ಅದನ್ನ ಹುಟ್ಟಿಸಿದ್ದು ಅಮೆರಿಕದ ಡೆಟ್ರಾಯಿಟ್ ಕಡೆಯ ಕರಿಯ ಹುಡುಗರು, ಹ್ವಾನ್ ಅಟ್ಕಿನ್ಸ್ ಮತ್ತವನ ಗೆಳೆಯರು. ಈಗ ಅದು ಯುರೋಪಿನ ಬಿಳಿಯರ ಆಟ ಅಂತ ಭಾಳ ಮಂದಿ ತಿಳಿದಾರ.

ಇಷ್ಟು ಬರೆದು ಪೋಸ್ಟ್ ಮಾಡಬಹುದಿತ್ತು. ಆದರೆ ನಮ್ಮ ಕೇರಿಯ ಇನ್ನೊಂದು ಮಗ್ಗಲು ಬಿಟ್ಟರೆ ಸುಳ್ಳಾಗ್ತದ.

ಏಪ್ರಿಲ್ 14ಕ್ಕೆ ನಮ್ಮ ಹುಡುಗರು ಡಿಜೆ ಹಚ್ಚತಾರ. ನಮ್ಮ ಸಂಘಟನೆಯ ಹಿರಿಯರು ಬೈತಾರ, ಬಾಬಾಸಾಹೇಬರ ಜಯಂತಿಗೆ ಡಿಜೆ ಯಾಕ, ನಮ್ಮ ಹಲಗಿ ಇಲ್ಲೇನು ಅಂತ. ರಾತ್ರಿ 10ಕ್ಕ ಪೊಲೀಸರು ಬಂದು ಬಂದ್ ಮಾಡಿಸೋದು, ಮುದುಕರ ಎದಿ ನಡುಗೋದು ಎಲ್ಲಾ ಖರೇ. ಆದರೂ ನಾನು ಹುಡುಗರ ಕಡೆ. ಆ ಡಬ್ಬಿಗಳಿಗೆ ಜಾತಿ ಇಲ್ಲ. ಹೆಣ ಬಿದ್ದ ಮನಿಯಿಂದ ಯಾರೂ ಬಂದು "ಏ ಬಾರಲೇ" ಅಂತ ಡಿಜೆ ಡಬ್ಬಿಯನ್ನ ಕರೀಲಿಲ್ಲ. ಹೋಳಿ ಬಂದಾಗ ಬಾಗಲಕೋಟೆಯಾಗ ಎಲ್ಲಾ ಜಾತಿಯವರೂ ಹಲಗಿ ಕೊರಳಿಗೆ ಹಾಕೋತಾರ, ಭಾಳ ಚಂದ ಬಡೀತಾರ. ಹಬ್ಬ ಮುಗಿದ ಮ್ಯಾಲೆ ಸಾವಿಗೆ ಬಡಿಯೋರು ಯಾರು? 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಅವತ್ತು ನಾನು ಆಫೀಸಿನಾಗ ಪೇಢೆ ಹಂಚೀನಿ. ಆ ಖುಷಿನೂ ಖರೇ, ಹಲಗಿ ಬಿಟ್ಟವರ ಸಿಟ್ಟೂ ಖರೇ.

ನಮ್ಮಪ್ಪ ಹಲಗಿ ಬಿಟ್ಟವ. ನಾನು ಮೂರನೇ ಇಯತ್ತೆ ಇದ್ದಾಗ ಕೇರಿಯವರೆಲ್ಲಾ ಕೂಡಿ, ಇನ್ನ ಬಡಿಯೂದಿಲ್ಲ ಅಂತ ಮಾತಾಡಿಕೊಂಡರು. ಸುಗ್ಗಿಯೊಳಗ ಬರೋ ಆಯ ನಿಂತಿತು. ಎರಡು ವರ್ಷ ಅಪ್ಪ ಮಂದಿ ದ್ರಾಕ್ಷಿ ತೋಟದಾಗ ಕೂಲಿ ಮಾಡಿ ನಮ್ಮನ್ನ ಸಾಕಿದ. ಹಲಗಿಯ ಚರ್ಮ ಇಲಿ ತಿಂದು, ಬಳಿ ಅಷ್ಟೇ ಹಂಚಿನ ಕೆಳಗ ಸಿಗಿಸಿದ್ದು ಅದ.

ಹೋದ ಐತವಾರ ಅಪ್ಪನ ಕಿವಿಗೆ ಇಯರ್‌ಫೋನ್ ಹಚ್ಚಿ ನ್ಯೂಕ್ಲಿಯಾ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದ.

"ಯಾರ ಸತ್ತಾರ?" ಅಂದ.

"ಯಾರೂ ಸತ್ತಿಲ್ಲಪಾ. ಕುಣಿಯಾಕ ಬಡಿಯೋದು."

"ಇದರಾಗ ಸಾವಿನ ಬಡಿತಾನೂ ಅದ, ದೇವರ ಬಡಿತಾನೂ ಅದ. ಕೂಡಿಸಿ ಬಿಟ್ಟಾನ." ಸ್ವಲ್ಪ ಹೊತ್ತು ಬಿಟ್ಟು, "ರೊಕ್ಕಾ ಕೊಟ್ಟು ಕುಣೀತಾರೇನು?" ಅಂದ. ಟಿಕೆಟ್ ಎಷ್ಟಂತ ಹೇಳಿದೆ. ಭಾಳ ಹೊತ್ತು ನಕ್ಕ.

ಅಣ್ಣನ ಮಗ ಇನ್ನೊಂದು ಕೇಳಿದ್ದ. ಲ್ಯಾಪ್‌ಟಾಪಿನಾಗ ಅವನೂ ಬೀಟ್ ಮಾಡ್ತಾನಂತ. ಮುತ್ಯಾನ ಕೈಲೆ ಹಲಗಿ ಬಡಿಸಿ ರೆಕಾರ್ಡ್ ಮಾಡಿ ಕಳಿಸು ಅಂದಿದ್ದ. ಹೊಸ ಹಲಗಿ ಬೇಕಾದರೆ ತರೂಣು, ಕಣಕಿ ಉರಿ ಹಾಕಿ ಕಾಸೂಣು ಅಂತ ನಾನೂ ಹೇಳಿ ನೋಡಿದೆ. ಅಪ್ಪ ಕೈ ಆಡಿಸಿಬಿಟ್ಟ. "ಮುಟ್ಟೂದಿಲ್ಲ ಅಂತ ಹೇಳೀನಿ. ಬಾಯಿಲೆ ಬೇಕಾದ್ರ ಹೇಳ್ತೀನಿ, ಬರಕೋ."

ಬರಕೊಳ್ಳಲಿಲ್ಲ, ಫೋನ್ ಮುಂದಿಟ್ಟೆ. ಲಗ್ನದ್ದು, ಜಾತ್ರಿದ್ದು, ಡಂಗುರದ್ದು ಬಾಯಿಲೆ ಬಡಿದು ತೋರಿಸಿದ. ನಡುನಡುವೆ ಕೆಮ್ಮಿದ, ಇದು ತಪ್ಪು, ತಡಿ ಅಂತ ಮತ್ತ ಮೊದಲಿನಿಂದ ಹೇಳಿದ. ಸಾವಿಂದು ಮಾತ್ರ ಹೇಳಲಿಲ್ಲ. ಒಟ್ಟು 11 ನಿಮಿಷ. ಫೈಲಿನ ಹೆಸರಿನ ಜಾಗದಾಗ ಅಪ್ಪನ ಪೂರ್ತಿ ಹೆಸರು, ಅಡ್ಡಹೆಸರು, ಊರು ಬರೆದು ಹುಡುಗನಿಗೆ ಕಳಿಸೀನಿ. ನೀನು ಏನು ಕತ್ತರಿಸಿದರೂ ಇದೊಂದು ಕತ್ತರಿಸಬ್ಯಾಡ ಅಂತನೂ ಬರದೀನಿ.

ಫೆಸ್ಟಿವಲ್ ಶನಿವಾರ. ಸಿಎಲ್ ಹಾಕೀನಿ, ಸಾಹೇಬರು ಇನ್ನೂ ಸಹಿ ಮಾಡಿಲ್ಲ.