ಕೇಳುವ ವಿದ್ಯೆ

ಸಂಕಟದಲ್ಲಿರುವವರಿಗೆ ಬುದ್ಧಿ ಹೇಳುವವರು ಊರ ತುಂಬ ಸಿಗುತ್ತಾರೆ. ಅವರ ಮಾತನ್ನು ಕೊನೆಯವರೆಗೆ ಕೇಳುವವರು ವಿರಳ. ಹದಿಹರೆಯದವರ ಪಾಲಿಗಂತೂ ಮನೆಯಲ್ಲಿ ಹಿರಿಯರು, ಶಾಲೆಯಲ್ಲಿ ಉಪಾಧ್ಯಾಯರು, ಬೀದಿಯಲ್ಲಿ ನೆರೆಹೊರೆಯವರು ಎಲ್ಲರೂ ಹೇಳುವವರೇ. ಕೇಳುವುದನ್ನೇ ಒಂದು ವಿದ್ಯೆಯಾಗಿ ಬೆಳೆಸಿದವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಪ್ರಮುಖರು. ಆ ವಿದ್ಯೆ ಅವರಿಗೆ ಒಲಿದದ್ದು ಸೋಲಿನ ಮೂಲಕ.

ರೋಜರ್ಸ್ 1902ರಲ್ಲಿ ಷಿಕಾಗೋ ಬಳಿಯ ಓಕ್ ಪಾರ್ಕ್‌ನಲ್ಲಿ ಜನಿಸಿದರು. ಆರು ಮಕ್ಕಳಲ್ಲಿ ನಾಲ್ಕನೆಯವರು. ತಂದೆತಾಯಿಗಳು ಶ್ರಮಜೀವಿಗಳು, ದೈವಭಕ್ತರು, ಬಹಳ ಕಟ್ಟುನಿಟ್ಟಿನವರು. ಇಸ್ಪೀಟು, ನೃತ್ಯ, ನಾಟಕಗಳು ಆ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಮೊದಲ ಬಾರಿ ಸೋಡಾದಂಥ ಪಾನೀಯವನ್ನು ಕುಡಿದಾಗ ಏನೋ ಪಾಪ ಮಾಡಿದಂತೆ ಬಾಲಕನಿಗೆ ಅನ್ನಿಸಿತಂತೆ! ಆತನಿಗೆ ಹನ್ನೆರಡು ವರ್ಷವಾದಾಗ ಕುಟುಂಬವು ಹಳ್ಳಿಯ ಜಮೀನಿಗೆ ವಾಸ ಬದಲಿಸಿತು. ಅಲ್ಲಿ ಗೆಳೆಯರು ಕಡಿಮೆ. ಪತಂಗಗಳನ್ನು ಸಾಕುವುದು, ಬೇಸಾಯದ ಗ್ರಂಥಗಳನ್ನು ಓದುವುದು ಇವೇ ನಾಚಿಕೆಯ ಹುಡುಗನ ಸಂಗಾತಿಗಳಾದವು.

ಚಳಿಗಾಲಕ್ಕೆಂದು ನೆಲಮಾಳಿಗೆಯಲ್ಲಿ ಆಲೂಗಡ್ಡೆಯನ್ನು ಕೂಡಿಡುವುದು ಆ ಮನೆಯ ವಾಡಿಕೆ. ಮಣ್ಣಿಲ್ಲ, ನೀರಿಲ್ಲ, ಮೇಲೆಲ್ಲೋ ಒಂದು ಪುಟ್ಟ ಕಿಟಕಿ. ಆದರೂ ಗಡ್ಡೆಗಳು ಮೊಳೆಯುತ್ತಿದ್ದವು. ಬಿಳಿಚಿಕೊಂಡ, ಸೊರಗಿದ ಆ ಮೊಳಕೆಗಳು ಉದ್ದಕ್ಕೆ ಬೆಳೆದು ಬೆಳಕಿನತ್ತ ಚಾಚುತ್ತಿದ್ದವು. ಬಾಳಿನಲ್ಲಿ ನಜ್ಜುಗುಜ್ಜಾದವರನ್ನು ಕಂಡಾಗ ರೋಜರ್ಸ್ ಅವರಿಗೆ ಈ ಮೊಳಕೆಗಳು ನೆನಪಾಗುತ್ತಿದ್ದವು.

ಕೃಷಿಶಾಸ್ತ್ರವನ್ನು ಓದಲು ಹೊರಟವರು ಪಾದ್ರಿಯಾಗಬೇಕೆಂದು ಮನಸ್ಸು ಬದಲಿಸಿದರು. ಕೊನೆಗೆ ಅದನ್ನೂ ಬಿಟ್ಟು ನ್ಯೂಯಾರ್ಕಿನಲ್ಲಿ ಮನಶ್ಶಾಸ್ತ್ರವನ್ನು ಕಲಿತರು. 1928ರಿಂದ ಹನ್ನೆರಡು ವರ್ಷ ರಾಚೆಸ್ಟರ್ ನಗರದಲ್ಲಿ, ನ್ಯಾಯಾಲಯಗಳೂ ಸಂಸ್ಥೆಗಳೂ ಕಳುಹಿಸುತ್ತಿದ್ದ ತುಂಟ, ನೊಂದ ಮಕ್ಕಳ ನಡುವೆ ಅವರ ಕೆಲಸ.

ಅಲ್ಲಿ ಬೆಂಕಿ ಹಚ್ಚುವ ಚಾಳಿಯ ಒಬ್ಬ ಹುಡುಗನಿದ್ದ. ದಿನದಿನವೂ ಪ್ರಶ್ನಿಸಿ, ಗ್ರಂಥಗಳಲ್ಲಿ ಹೇಳಿದ್ದಂತೆಯೇ ಅವನ ಚಾಳಿಯ ಮೂಲಕಾರಣವನ್ನು ರೋಜರ್ಸ್ ಕಂಡುಹಿಡಿದರು. ಸಮಸ್ಯೆ ಬಗೆಹರಿಯಿತೆಂದು ಸಂತೋಷಪಟ್ಟರು. ಹೊರಗೆ ಹೋದ ಹುಡುಗ ಮತ್ತೆ ಅದೇ ತಪ್ಪಿಗೆ ಸಿಕ್ಕಿಬಿದ್ದ. ಪ್ರಸಿದ್ಧರ ಗ್ರಂಥವೂ ತಪ್ಪಿರಬಹುದೆಂಬ ಅರಿವು ಆಗ ಅವರಿಗೆ ಮೂಡಿತು.

ಮತ್ತೊಬ್ಬ ಪುಂಡ ಬಾಲಕನ ತಾಯಿ ಬರುತ್ತಿದ್ದಳು. ಮಗು ಚಿಕ್ಕದಿದ್ದಾಗ ತಾಯಿಯೇ ಅದನ್ನು ಮನಸಾರೆ ಒಪ್ಪಿಕೊಳ್ಳದಿದ್ದುದೇ ಪುಂಡತನಕ್ಕೆ ಕಾರಣವೆಂದು ರೋಜರ್ಸ್ ನಿರ್ಧರಿಸಿದ್ದರು. ಇದನ್ನು ಆಕೆಗೆ ಮನಗಾಣಿಸಲು ಎಷ್ಟು ಸಲ ಯತ್ನಿಸಿದರೂ ಫಲ ದೊರೆಯಲಿಲ್ಲ. ಇಬ್ಬರೂ ಪ್ರಯತ್ನಿಸಿ ಸೋತಿದ್ದೇವೆ, ಇಲ್ಲಿಗೆ ನಿಲ್ಲಿಸೋಣ ಎಂದರು. ಆಕೆ ಒಪ್ಪಿ, ಕೈಕುಲುಕಿ, ಬಾಗಿಲವರೆಗೂ ಹೋದಳು. ಅಲ್ಲಿಂದ ಹಿಂದಿರುಗಿ, ಇಲ್ಲಿ ದೊಡ್ಡವರಿಗೂ ಸಲಹೆ ಕೊಡುವುದುಂಟೇ ಎಂದು ಕೇಳಿದಳು. ಉಂಟೆಂದಾಗ ಮತ್ತೆ ಬಂದು ಕುಳಿತಳು. ದಾಂಪತ್ಯದ ವಿರಸ, ಗೊಂದಲ, ಹತಾಶೆಗಳೆಲ್ಲ ಕಟ್ಟೆಯೊಡೆದು ಹರಿದವು. ಈ ಮೊದಲು ಆಕೆ ಒಪ್ಪಿಸಿದ್ದ ಒಣ ವೃತ್ತಾಂತಕ್ಕೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ರೋಜರ್ಸ್ ಈ ಸಲ ತಿದ್ದಲಿಲ್ಲ, ಕೇಳಿದರು. ಆಕೆಯ ನೋವು ಎಲ್ಲಿದೆ, ದಾರಿ ಯಾವುದು ಎಂಬುದು ಆಕೆಗೇ ಗೊತ್ತಿತ್ತು. ಕೊನೆಗೆ ತಾಯಿಗೂ ಮಗನಿಗೂ ಒಳಿತಾಯಿತು.

ಈ ಅನುಭವದ ಜಾಡನ್ನೇ ಹಿಡಿದು ಅವರು 1942ರಲ್ಲಿ ಆಪ್ತಸಲಹೆಯನ್ನು ಕುರಿತು ಗ್ರಂಥವನ್ನು ಬರೆದರು. ನೆರವು ಕೋರಿ ಬಂದವರನ್ನು ಅದರಲ್ಲಿ ರೋಗಿಯೆಂದು ಕರೆಯದೆ, ವಕೀಲರ ಬಳಿಗೆ ಬರುವವರಂತೆ ಕಕ್ಷಿದಾರರೆಂದು ಕರೆದರು. ಬರಿಯ ಆಲಿಸುವಿಕೆ ಎಲ್ಲ ನೋವಿಗೂ ಮದ್ದೆಂದು ಭಾವಿಸಬೇಕಾಗಿಲ್ಲ. ಅಪಾಯದಲ್ಲಿರುವ ಮಗುವಿಗೆ ಮೊದಲು ರಕ್ಷಣೆ ಬೇಕು. ಆದರೆ ಕೇಳುವುದು ಸುಲಭವೆಂದು ತಿಳಿದವರೂ ತಪ್ಪಿದ್ದಾರೆ. ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ರೋಜರ್ಸ್ ಮತ್ತು ಅವರ ಶಿಷ್ಯರು ಇಂಥ ಸಂಭಾಷಣೆಗಳನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿಸಿಕೊಳ್ಳುತ್ತಿದ್ದರು. ಅನಂತರ ತಮ್ಮ ಧ್ವನಿಯನ್ನೇ ಕೂತು ಕೇಳಿದಾಗ, ಎಲ್ಲೆಲ್ಲಿ ಅಡ್ಡಮಾತನಾಡಿ ಎದುರಿನವರ ಬಾಯಿ ಕಟ್ಟಿದ್ದೆವೆಂಬುದು ಸಲಹೆಗಾರರಿಗೇ ತಿಳಿಯುತ್ತಿತ್ತು.