ಸೊಲೊಮೋನನ ನುಡಿಗಳೂ ನಾನು ಹಾಕಿದ ಒಂದು ಸಹಿಯೂ

ಶ್ರೀಮಠದ ಪ್ರಸಾದ ನಿಲಯದಲ್ಲಿ ಓದಿ ಬೆಳೆದ ನಮ್ಮಂಥವರಿಗೆ ‘ಇಲ್ಲ’ ಎಂಬ ಮಾತು ಸುಲಭವಾಗಿ ಬಾಯಿಗೆ ಬರುವುದಿಲ್ಲ. ಯಾರೋ ಬೆಳೆದ ಜೋಳ, ಯಾರೋ ಹೇರಿಕೊಂಡು ತಂದ ಕಟ್ಟಿಗೆ, ಯಾರೋ ಸೇದಿ ಹಾಕಿದ ನೀರು, ಇವುಗಳಿಂದಾದ ಪ್ರಸಾದವನ್ನು ಆರು ವರ್ಷ ಉಂಡವನು ನಾನು. ಪೂಜ್ಯರು ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ತಿರುಗಿ ತಂದ ಧಾನ್ಯದಿಂದ ನಮ್ಮ ಹೊಟ್ಟೆ ತುಂಬಿತು. ಆದ್ದರಿಂದ ಬೇಡಿ ಬಂದವರನ್ನು ಬರಿಗೈಯಲ್ಲಿ ಕಳುಹುವುದೆಂದರೆ ಉಂಡ ಮನೆಗೆ ಎರಡು ಬಗೆದಂತೆ ಎಂಬ ಭಾವನೆ ನನ್ನಲ್ಲಿ ಆಳವಾಗಿ ಬೇರೂರಿತ್ತು. ಅದು ಒಳ್ಳೆಯ ಭಾವನೆಯೇ. ಆದರೆ ಅದನ್ನು ನಾನು ಅರ್ಧ ಮಾತ್ರ ತಿಳಿದುಕೊಂಡಿದ್ದೆನೆಂಬುದು ಅರಿವಾದದ್ದು ನನ್ನ ಮೂವತ್ತೈದನೆಯ ವಯಸ್ಸಿನಲ್ಲಿ. ಅದೂ ಕ್ರೈಸ್ತರ ಸತ್ಯವೇದದೊಳಗಿನ ಒಂದು ಸಣ್ಣ ಪುಸ್ತಕದಿಂದ.

೧೯೭೮ರ ಮಾತು. ನಾನಾಗ ಒಂದು ತಾಲೂಕು ಸ್ಥಳದಲ್ಲಿ ಮಾಧ್ಯಮಿಕ ಶಾಲೆಯ ಶಿಕ್ಷಕನಾಗಿದ್ದೆ. ನಿಲಯದಲ್ಲಿ ನನ್ನೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡಿದ್ದ ಗೆಳೆಯನೊಬ್ಬ ಒಂದು ಸಂಜೆ ಮನೆಗೆ ಬಂದ. ಹಿಟ್ಟಿನ ಗಿರಣಿ ಹಾಕಬೇಕೆಂದಿದ್ದ. ಸಹಕಾರಿ ಸಂಘವೊಂದರಿಂದ ಎಂಟು ಸಾವಿರ ರೂಪಾಯಿ ಸಾಲ ಮಂಜೂರಾಗುವುದಿತ್ತು. ಇಬ್ಬರು ಜಾಮೀನುದಾರರು ಬೇಕು, ಅವರಲ್ಲಿ ಒಬ್ಬರು ಸಂಬಳದವರಿರಬೇಕು. ಚಹ ಆರುವುದರೊಳಗೆ ನಾನು ಸಹಿ ಹಾಕಿ ಕಾಗದವನ್ನು ಅವನ ಕೈಗಿತ್ತೆ. ಅವನು ಹೋದ ಮೇಲೆ ನನ್ನ ಮನೆಯಾಕೆ, “ಓದಿ ಸಹಿ ಮಾಡಿದಿರೇನು?” ಎಂದು ಕೇಳಿದಳು. “ಅವನ ಕಾಗದದಲ್ಲಿ ಓದುವುದೇನಿದೆ?” ಎಂದೆ. ಆ ಮಾತನ್ನಾಡುವಾಗ ನನಗೆ ಸ್ವಲ್ಪ ಹೆಮ್ಮೆಯೂ ಆಗಿತ್ತೆಂಬುದನ್ನು ಮುಚ್ಚಿಡಲಾರೆ.

ಗಿರಣಿ ಎರಡು ವರ್ಷ ನಡೆಯಿತು. ಆಮೇಲೆ ನಿಂತಿತು. ಗೆಳೆಯ ಊರು ಬಿಟ್ಟ. ಇನ್ನೊಬ್ಬ ಜಾಮೀನುದಾರರು ಅಷ್ಟರಲ್ಲಿ ಲಿಂಗೈಕ್ಯರಾಗಿದ್ದರು. ೧೯೮೧ರಲ್ಲಿ ವಸೂಲಿಯ ನೋಟೀಸು ನನ್ನ ಹೆಸರಿಗೆ ಬಂದಿತು. ಸಾಲ ಮಾಡಿದವನನ್ನು ಮೊದಲು ಹಿಡಿಯಬೇಕಲ್ಲವೇ ಎಂದು ವಕೀಲರೊಬ್ಬರನ್ನು ಕೇಳಿದೆ. ಅವರು ೧೮೭೨ರ ಕರಾರು ಅಧಿನಿಯಮದ ೧೨೮ನೆಯ ಕಲಮನ್ನು ತೆರೆದು ತೋರಿಸಿದರು. ಬೇರೆ ಒಪ್ಪಂದವಿಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಮುಂದೆ ಅವನಿಂದ ವಸೂಲು ಮಾಡಿಕೊಳ್ಳುವ ಹಕ್ಕು ನನಗುಂಟು. ಆದರೆ ಊರೇ ಬಿಟ್ಟವನಿಂದ ಏನನ್ನು ವಸೂಲು ಮಾಡುವುದು? ತಿಂಗಳು ತಿಂಗಳು ಸಂಬಳದಲ್ಲಿ ಕಡಿತವಾಗತೊಡಗಿತು. ಬಡ್ಡಿ ಬೆಳೆಯಬಾರದೆಂದು ಮನೆಯಾಕೆಯ ಎರಡು ಪಾಟ್ಲಿಗಳನ್ನು ಮಾರಿದೆವು. ಅವು ಅವಳ ತವರಿನವು. ಅವಳು ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ದಿನಗಳಲ್ಲಿ ನಮ್ಮ ಶಾಲೆಯಲ್ಲಿ ಗದಗ-ಬೆಟಗೇರಿಯ ಕಡೆಯ ಹಿರಿಯ ಕ್ರೈಸ್ತ ಮಾಸ್ತರರೊಬ್ಬರಿದ್ದರು. ನಿವೃತ್ತಿಗೆ ಒಂದೆರಡು ವರ್ಷ ಉಳಿದಿತ್ತು. ನನ್ನ ಮುಖ ನೋಡಿ ವಿಷಯ ಕೇಳಿ ತಿಳಿದುಕೊಂಡರು. ಮರುದಿನ ಬಟ್ಟೆಯ ರಟ್ಟಿನ ಕನ್ನಡ ಸತ್ಯವೇದವೊಂದನ್ನು ತಂದು, ಒಂದು ಕಡೆ ಬೆರಳಿಟ್ಟು ತೆರೆದುಕೊಟ್ಟು, “ಮಾಸ್ತರರೇ, ನಿಮ್ಮನ್ನು ನಮ್ಮ ಧರ್ಮಕ್ಕೆ ಕರೆಯಲು ಇದನ್ನು ಕೊಡುತ್ತಿಲ್ಲ. ನಮ್ಮ ತಂದೆ ಇದನ್ನು ದಿನಾಲೂ ಓದುತ್ತಿದ್ದರು. ಓದಿಯೂ ಹೊಣೆ ನಿಂತು ಮನೆ ಕಳೆದುಕೊಂಡರು. ನೀವೂ ಒಮ್ಮೆ ನೋಡಿ” ಎಂದರು. ಲಿಂಗವಂತನಾದ ನಾನು ಅನ್ಯರ ಶಾಸ್ತ್ರ ಓದಬಹುದೇ ಎಂಬ ಅಳುಕು ಒಂದು ಕ್ಷಣ ಬಂದುದು ನಿಜ. ನಿಲಯದ ಗ್ರಂಥಾಲಯದಲ್ಲಿ ಪೂಜ್ಯರೇ ಎಲ್ಲ ಧರ್ಮಗಳ ಪುಸ್ತಕಗಳನ್ನು ಇರಿಸಿದ್ದುದು ನೆನಪಾಗಿ ಅಳುಕು ಹೋಯಿತು.

ಆ ಭಾಗದ ಹೆಸರು ಜ್ಞಾನೋಕ್ತಿಗಳು. ೩೧ ಅಧ್ಯಾಯಗಳು. ಬಹುಪಾಲು ಸೊಲೊಮೋನ ರಾಜನ ಹೆಸರಿನಲ್ಲಿದ್ದರೂ ಎಲ್ಲವೂ ಒಬ್ಬನ ಮಾತಲ್ಲ. ೨೫ನೆಯ ಅಧ್ಯಾಯದಿಂದ ಬರುವ ನುಡಿಗಳನ್ನು ಹಿಜ್ಕೀಯ ರಾಜನ ಜನರು ಪ್ರತಿ ಮಾಡಿದರೆಂದು ಆ ಪುಸ್ತಕವೇ ಹೇಳುತ್ತದೆ. ೩೦ನೆಯ ಅಧ್ಯಾಯ ಆಗೂರನೆಂಬವನದು. ಕೊನೆಯದು ಲೆಮೂವೇಲನೆಂಬ ಅರಸನಿಗೆ ಅವನ ತಾಯಿ ಹೇಳಿಕೊಟ್ಟದ್ದು. ೨೨ರಿಂದ ೨೪ನೆಯ ಅಧ್ಯಾಯಗಳಲ್ಲಿರುವ ಕೆಲವು ನುಡಿಗಳಿಗೂ ಪ್ರಾಚೀನ ಈಜಿಪ್ತಿನ ಅಮೆನೆಮೋಪನ ಬೋಧನೆಗೂ ತುಂಬ ಸಾಮ್ಯವಿರುವುದನ್ನು ವಿದ್ವಾಂಸರು ತೋರಿಸಿದ್ದಾರೆ. ಆ ಬೋಧನೆಯ ಪ್ರತಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದು ಅಚ್ಚಾಗಿ ಲೋಕಕ್ಕೆ ತಿಳಿದದ್ದು ೧೯೨೩ರಲ್ಲಿ. ನಮ್ಮ ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗ ಬೆಳಕು ಕಂಡುದೂ ಅದೇ ವರ್ಷ. ಕಾಕತಾಳೀಯವೇ ಸರಿ, ಆದರೂ ನೆನೆದಾಗ ಸಂತೋಷವೆನಿಸುತ್ತದೆ.

ಮಾಸ್ತರರು ಬೆರಳಿಟ್ಟು ತೋರಿಸಿದ್ದು ೬ನೆಯ ಅಧ್ಯಾಯದ ಮೊದಲ ಸಾಲುಗಳು. ನೆರೆಯವನಿಗೆ ಹೊಣೆಯಾಗಿ ಮಾತು ಕೊಟ್ಟವನು ತನ್ನ ಬಾಯಿಮಾತಿನಿಂದಲೇ ತಾನು ಬಲೆಗೆ ಬಿದ್ದಿದ್ದಾನೆ. ಅವನು ಅಂದು ರಾತ್ರಿ ನಿದ್ರೆ ಮಾಡಬಾರದು. ಹೋಗಿ, ತನ್ನನ್ನು ತಗ್ಗಿಸಿಕೊಂಡು, ಕಾಡಿ ಬೇಡಿ, ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸಿಕೊಳ್ಳುವಂತೆ ಬಿಡಿಸಿಕೊಳ್ಳಬೇಕು. ಇದು ಅಲ್ಲಿಯ ತಾತ್ಪರ್ಯ. ನನಗೆ ಆ ರಾತ್ರಿ ದಾಟಿ ಮೂರು ವರ್ಷವಾಗಿತ್ತು. ಇದೇ ಎಚ್ಚರಿಕೆ ೧೧, ೧೭, ೨೦, ೨೨ನೆಯ ಅಧ್ಯಾಯಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ೨೨ನೆಯದರಲ್ಲಂತೂ, ತೀರಿಸಲು ಏನೂ ಇಲ್ಲದಿದ್ದರೆ ಮಲಗಿರುವ ಹಾಸಿಗೆಯನ್ನೇ ಮೈಕೆಳಗಿನಿಂದ ಎಳೆದೊಯ್ದಾರು ಎಂಬ ಚಿತ್ರವಿದೆ. ಇದನ್ನು ವಕೀಲರಿಗೆ ಹೇಳಿದಾಗ ಅವರು ನಕ್ಕು, ನಮ್ಮ ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ೬೦ನೆಯ ಕಲಮಿನಲ್ಲಿ ಸಾಲಿಯ ಅಗತ್ಯದ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ ಇವುಗಳನ್ನು ಜಪ್ತಿಯಿಂದ ಹೊರಗಿಟ್ಟಿರುವುದನ್ನು ತೋರಿಸಿದರು. ಧರ್ಮಾಚಾರದಂತೆ ಸ್ತ್ರೀಯು ಮೈಮೇಲಿಂದ ತೆಗೆಯಲಾಗದ ಒಡವೆಗಳಿಗೂ ಅಲ್ಲಿ ರಕ್ಷಣೆಯುಂಟು. ಪಾಟ್ಲಿ ಆ ಸಾಲಿಗೆ ಸೇರುವುದಿಲ್ಲ. ಸೇರುತ್ತಿದ್ದರೂ ನಾವು ಅವನ್ನು ತಾವಾಗಿಯೇ ಮಾರಿದ್ದೆವು.

ಮೊದಲ ಓದಿಗೆ ನನಗೆ ಈ ಪುಸ್ತಕದ ಮೇಲೆ ಸಿಟ್ಟೇ ಬಂದಿತೆಂದರೆ ಆಶ್ಚರ್ಯಪಡಬೇಡಿ. ಇದು ಸ್ವಾರ್ಥದ ಉಪದೇಶವಲ್ಲದೆ ಮತ್ತೇನು? ನಷ್ಟವಾದರೂ ಗೆಳೆಯನಿಗಾಗಿ ನಿಂತೆನೆಂಬ ಒಂದು ಸಮಾಧಾನ ನನಗಿತ್ತು. ಅದನ್ನೂ ಇದು ಕಸಿದುಕೊಳ್ಳುತ್ತಿದೆ ಎನಿಸಿತು. ಪುಸ್ತಕವನ್ನು ಹಿಂದಿರುಗಿಸಲು ಹೋದೆ. ಮಾಸ್ತರರು ತೆಗೆದುಕೊಳ್ಳಲಿಲ್ಲ. “೩ನೆಯ ಅಧ್ಯಾಯದ ಕೊನೆಯ ಭಾಗ ಓದಿದಿರಾ?” ಎಂದರು. ಓದಿರಲಿಲ್ಲ. ಅಲ್ಲಿ ಇನ್ನೊಂದೇ ಬಗೆಯ ಮಾತಿದೆ. ಉಪಕಾರ ಮಾಡುವ ಶಕ್ತಿ ಕೈಯಲ್ಲಿರುವಾಗ ಅದನ್ನು ತಡೆಹಿಡಿಯಬಾರದು; ಕೊಡತಕ್ಕ ವಸ್ತು ಬಳಿಯಲ್ಲಿಯೇ ಇದ್ದರೆ, ಹೋಗಿ ನಾಳೆ ಬಾ ಎಂದು ನೆರೆಯವನಿಗೆ ಹೇಳಬಾರದು. ಒಂದೇ ಪುಸ್ತಕ ಒಂದು ಕಡೆ ಕೂಡಲೇ ಕೊಡು ಎನ್ನುತ್ತದೆ, ಮತ್ತೊಂದು ಕಡೆ ಹೊಣೆ ನಿಲ್ಲಬೇಡ ಎನ್ನುತ್ತದೆ.

ಈ ಎರಡು ಮಾತುಗಳ ನಡುವಣ ಅಂತರವನ್ನು ಯೋಚಿಸುತ್ತ ಯೋಚಿಸುತ್ತ ನನಗೆ ನೆನಪಾದವರು ನಮ್ಮ ಆಯ್ದಕ್ಕಿ ಲಕ್ಕಮ್ಮನವರು. ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಕೆ ಹಿಗ್ಗಲಿಲ್ಲ. ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸಿದರು. ಅವರ ಮನೆಯಲ್ಲಿ ದಾಸೋಹ ನಡೆಯುತ್ತಿದ್ದುದು ಅಂದಂದಿನ ಕಾಯಕದಿಂದ. ನಾನು ಮಾಡಿದ್ದೇನು? ಇನ್ನೂ ಮಾಡದ ಕಾಯಕವನ್ನು, ಬರಲಿರುವ ವರ್ಷಗಳ ಸಂಬಳವನ್ನು, ನನ್ನೊಬ್ಬನದಲ್ಲದ ಮಕ್ಕಳ ಅನ್ನವನ್ನು, ಒಬ್ಬರನ್ನೂ ಕೇಳದೆ ಒಂದು ಸಹಿಯಲ್ಲಿ ಬರೆದುಕೊಟ್ಟೆ. ಅಂದು ಮನೆಯಲ್ಲಿ ಮುನ್ನೂರು ರೂಪಾಯಿಗಳಿದ್ದವು. ಅವನ್ನು ಕೊಡಲಿಲ್ಲ, ಅವು ಮಗಳ ಔಷಧಕ್ಕೆಂದು ತೆಗೆದಿಟ್ಟವು. ಇದ್ದುದನ್ನು ಉಳಿಸಿಕೊಂಡು ಇಲ್ಲದುದನ್ನು ಕೊಟ್ಟು, ಅದನ್ನೇ ದಾಸೋಹವೆಂದು ತಿಳಿದು ಬೀಗಿದೆ. ನಿಲಯದಲ್ಲಿ ಉಂಡ ಅನ್ನ ಯಾರೊಬ್ಬರ ಸಹಿಯಿಂದಲೂ ಬಂದುದಲ್ಲ, ಬೆಳೆದು ಮನೆಯಲ್ಲಿದ್ದ ಜೋಳದಿಂದ ಬಂದುದು ಎಂಬಷ್ಟು ನನಗೆ ಹೊಳೆದಿರಲಿಲ್ಲ. ಹೊಣೆಯ ಮಾತು ಮುಗಿದೊಡನೆಯೇ ಆ ೬ನೆಯ ಅಧ್ಯಾಯದಲ್ಲಿ ಬೇಸಿಗೆಯಲ್ಲಿ ಕಾಳು ಕೂಡಿಡುವ ಇರುವೆಯ ಪ್ರಸ್ತಾಪ ಬರುತ್ತದೆ. ಅದು ಅಲ್ಲೇಕೆ ಬಂದಿದೆಯೆಂದು ಆಗ ತಿಳಿಯಿತು.

ಹಾಗೆಂದು ಹೊಣೆ ನಿಲ್ಲುವುದೆಲ್ಲ ಕೆಟ್ಟದ್ದೆನ್ನಲಾರೆ. ೧೯೦೫ರಲ್ಲಿ ನಮ್ಮ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರಿ ಸಂಘವನ್ನು ನೆನೆಯಬೇಕು. ಜರ್ಮನಿಯ ರೈಫೈಸನ್ ಮಾದರಿಯ ಅಂದಿನ ಹಳ್ಳಿಯ ಸಂಘಗಳಲ್ಲಿ ಎಲ್ಲರ ಸಾಲಕ್ಕೂ ಎಲ್ಲರೂ ಹೊಣೆ. ಅದು ನಡೆದದ್ದು, ಯಾರ ಎತ್ತು ಎಷ್ಟು, ಯಾರ ಹೊಲ ಎಂಥದು, ಯಾರು ಕುಡಿಯುತ್ತಾರೆ, ಯಾರು ದುಡಿಯುತ್ತಾರೆ ಎಂಬುದು ಒಬ್ಬರಿಗೊಬ್ಬರಿಗೆ ತಿಳಿದಿದ್ದುದರಿಂದ. ನಾನು ನನ್ನ ಗೆಳೆಯನ ಗಿರಣಿಯ ಜಾಗವನ್ನು ಕೂಡ ಹೋಗಿ ನೋಡಿರಲಿಲ್ಲ. ಸೊಲೊಮೋನನ ಪುಸ್ತಕ ಈ ಭೇದವನ್ನು ಬಿಡಿಸಿ ಹೇಳುವುದಿಲ್ಲ. ಅದು ನನ್ನ ಅಲ್ಪ ಅನುಭವ.

ಆ ಪುಸ್ತಕ ನನ್ನಲ್ಲಿಯೇ ಉಳಿಯಿತು. ಅಲ್ಲಿಯ ಎಲ್ಲವನ್ನೂ ನಾನು ಒಪ್ಪುವುದಿಲ್ಲ. ಮಕ್ಕಳಿಗೆ ಬೆತ್ತವನ್ನು ವಿಧಿಸುವ ಮಾತುಗಳು, ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳ ನಡುವೆ ಇದ್ದ ನನಗೆ ಇಂದಿಗೂ ಹಿಡಿಸವು. ತೂಕದ ಕಲ್ಲುಗಳಲ್ಲಿ ಎರಡು ಬಗೆಯಿಡುವವನನ್ನು ಅದು ಮತ್ತೆ ಮತ್ತೆ ಬೈಯುತ್ತದೆ. ಸಂತೆಗೆ ಹೋದಾಗಲೆಲ್ಲ ನೆನಪಾಗುತ್ತದೆ. ನೆರೆಮನೆಗೆ ಬಲು ಸಲ ಕಾಲಿಟ್ಟರೆ ಅವರಿಗೆ ಬೇಸರವಾದೀತೆಂಬ ೨೫ನೆಯ ಅಧ್ಯಾಯದ ಎಚ್ಚರಿಕೆಯನ್ನು ಓದಿ ನಾನೂ ಮನೆಯಾಕೆಯೂ ಬಿದ್ದು ಬಿದ್ದು ನಕ್ಕಿದ್ದೆವು. ಪಾಟ್ಲಿ ಮಾರಿದ ಮೇಲೆ ನಾವಿಬ್ಬರೂ ಕೂಡಿ ನಕ್ಕುದು ಅದೇ ಮೊದಲು.

ಗೆಳೆಯನನ್ನು ಆಮೇಲೆ ಒಮ್ಮೆ ಮಾತ್ರ ಕಂಡೆ, ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ. ಅವನು ನನ್ನನ್ನು ನೋಡಿ ಕಂಬದ ಮರೆಗೆ ಸರಿದ. ನಾನೂ ಕರೆಯಲಿಲ್ಲ. ಮುನ್ನೂರು ರೂಪಾಯಿ ಕೈಯಲ್ಲಿಟ್ಟು, ಇಷ್ಟೇ ನನ್ನಿಂದಾಗುವುದು ಎಂದು ಅಂದು ಹೇಳಿದ್ದರೆ ಅವನು ಕೋಪಗೊಂಡು ಹೋಗುತ್ತಿದ್ದ, ಆದರೆ ಕಂಬದ ಮರೆಗೆ ಹೋಗುತ್ತಿರಲಿಲ್ಲ.

ಕಳೆದ ತಿಂಗಳು ತಂಗಿಯ ಮಗ ಬಂದಿದ್ದ. ನನಗೀಗ ಎಂಬತ್ತರ ಸಮೀಪ. ನನ್ನ ಸಹಿಗೆ ಇನ್ನೂ ಬೆಲೆಯುಂಟೆಂದು ತಿಳಿದು ಅಚ್ಚರಿಯೇ ಆಯಿತು. ನಿವೃತ್ತಿ ವೇತನದ ಪುಸ್ತಕ, ಮನೆಯ ಕಾಗದ ಇವುಗಳ ಮೇಲೆ ಅವನ ವ್ಯಾಪಾರದ ಸಾಲಕ್ಕೆ ಜಾಮೀನು ಬೇಕಿತ್ತು. “ಮಾಮಾ, ಬರೇ ಒಂದು ಸಹಿ” ಎಂದ. ಒಳಗೆ ಹೋಗಿ ಮನೆಯಾಕೆಯೊಡನೆ ಮಾತಾಡಿ, ಮನೆಯಲ್ಲಿದ್ದ ನಾಲ್ವತ್ತು ಸಾವಿರ ರೂಪಾಯಿಗಳನ್ನು ತಂದು ಅವನ ಕೈಗಿಟ್ಟು, ಇದನ್ನು ಮರಳಿ ಕೊಡಬೇಕಾಗಿಲ್ಲ, ಸಹಿ ಮಾತ್ರ ಆಗದು ಎಂದೆ. ಅವನು ಹಣವನ್ನು ತೆಗೆದುಕೊಂಡ, ಊಟಕ್ಕೆ ಕೂಡ್ರಲಿಲ್ಲ. ಅಂದಿನಿಂದ ತಂಗಿಯ ದೂರವಾಣಿ ಕರೆಯೂ ಬಂದಿಲ್ಲ. ಬರುವ ಸೋಮವಾರ ಅವಳ ಊರಿಗೆ ಹೋಗಿಬರಬೇಕೆಂದು ನಾವಿಬ್ಬರೂ ನಿಶ್ಚಯಿಸಿದ್ದೇವೆ. ಮನೆಯಾಕೆ ಕರದಂಟು ಕಟ್ಟಿಡುತ್ತಿದ್ದಾಳೆ.