ಹೆಸರು ಬರೆದವರ ಹೆಸರು

ಕಂಪ್ಯೂಟರನ್ನು ಲೆಕ್ಕಪತ್ರಕ್ಕೂ ಓಲೆ ಬರೆಯುವುದಕ್ಕೂ ಬಳಸುವ ನಮ್ಮಂಥವರಿಗೆ ‘ಡೆಮೊಸೀನ್’ ಎಂಬ ಕಲಾಪರಂಪರೆಯ ಪರಿಚಯವಿರುವುದು ಅಪರೂಪ. ಯೂರೋಪಿನಲ್ಲಿ, ಅದರಲ್ಲೂ ಫಿನ್ಲೆಂಡ್, ಜರ್ಮನಿ ಮುಂತಾದ ದೇಶಗಳಲ್ಲಿ, ನಾಲ್ಕು ದಶಕಗಳಿಂದ ಬೆಳೆದುಬಂದ ಪರಂಪರೆಯಿದು. ಇದರ ಕೃತಿಗೆ ‘ಡೆಮೊ’ ಎಂದು ಹೆಸರು. ಚಿತ್ರ, ಚಲನೆ, ಸಂಗೀತ ಮೂರೂ ಕೂಡಿದ ಕೆಲವೇ ನಿಮಿಷಗಳ ರೂಪಕವದು. ಮೊದಲೇ ಚಿತ್ರಿಸಿಟ್ಟದ್ದನ್ನು ಇಲ್ಲಿ ತೋರಿಸುವುದಿಲ್ಲ. ನಾವು ನೋಡುತ್ತಿರುವಂತೆಯೇ ಯಂತ್ರವು ಲೆಕ್ಕ ಹಾಕುತ್ತ ತೆರೆಯ ಮೇಲೆ ಅದನ್ನು ಮೂಡಿಸುತ್ತದೆ.

ವಡಪಳನಿಯಲ್ಲಿ ಸಿನಿಮಾ ಗ್ರಾಫಿಕ್ಸ್ ಕೆಲಸದಲ್ಲಿರುವ ನನ್ನ ತಂಗಿಯ ಮಗ ಇದನ್ನು ನನಗೆ ತೋರಿಸಿದ. ಅವನು ಹೇಳಿದ ಹುಟ್ಟಿನ ಕಥೆ ಕೇಳಿ ನನಗೆ ತೀರಿಹೋದ ತಂದೆಯವರ ನೆನಪಾಯಿತು.

1982ರಲ್ಲಿ ಕೊಮೊಡೋರ್ 64 ಎಂಬ ಮನೆಬಳಕೆಯ ಕಂಪ್ಯೂಟರ್ ಬಂದಿತು. ಅದರ ಆಟಗಳನ್ನು ನಕಲು ಮಾಡಲಾಗದಂತೆ ಕಂಪನಿಗಳು ಬೀಗ ಹಾಕುತ್ತಿದ್ದವು. ಬೀಗ ಮುರಿದು ಪ್ರತಿಗಳನ್ನು ಹಂಚಿದ ಹುಡುಗರು, ಆಟಕ್ಕೆ ಮೊದಲು ತಮ್ಮದೊಂದು ಶೀರ್ಷಿಕೆಯನ್ನು ಸೇರಿಸತೊಡಗಿದರು: ತಂಡದ ಹೆಸರು, ಓಡುವ ಅಕ್ಷರಗಳು, ಒಂದು ರಾಗ, ಗೆಳೆಯರ ತಂಡಗಳಿಗೆ ವಂದನೆ. ಕಳವಿನ ಸರಕಿಗೆ ಹಾಕಿದ ರುಜು ಅದು, ಸಂದೇಹವಿಲ್ಲ. ಆದರೆ ಬರಬರುತ್ತ ಆಟಕ್ಕಿಂತ ಶೀರ್ಷಿಕೆಯಲ್ಲೇ ಅವರ ಆಸಕ್ತಿ ಬೆಳೆಯಿತು. ಶೀರ್ಷಿಕೆ ಆಟದಿಂದ ಬೇರ್ಪಟ್ಟು ಸ್ವತಂತ್ರ ಕೃತಿಯಾಯಿತು. 1993ರಲ್ಲಿ ಫಿನ್ಲೆಂಡಿನ ‘ಅಸೆಂಬ್ಲಿ’ ಕೂಟದಲ್ಲಿ ಫ್ಯೂಚರ್ ಕ್ರೂ ತಂಡ ಪ್ರದರ್ಶಿಸಿದ ‘ಸೆಕೆಂಡ್ ರಿಯಾಲಿಟಿ’ ಇಂದಿಗೂ ಈ ವಲಯದ ಮೇರುಕೃತಿಗಳಲ್ಲೊಂದು.

ನನ್ನ ತಂದೆಯವರೂ ಶೀರ್ಷಿಕೆ ಬರೆಯುವವರೇ. ಬೆಂಗಳೂರಿನಲ್ಲಿ ಸೌಕರ್ಯಗಳು ಬೆಳೆಯುವ ಮುನ್ನ ಕನ್ನಡ ಚಿತ್ರರಂಗ ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳನ್ನೇ ನಂಬಿತ್ತು. 1954ರ ‘ಬೇಡರ ಕಣ್ಣಪ್ಪ’ದ ನಿರ್ಮಾಣದಲ್ಲಿ ಗುಬ್ಬಿ ಕಂಪನಿಯೊಡನೆ ಎ.ವಿ.ಎಂ. ಸಂಸ್ಥೆಯ ಪಾಲೂ ಇತ್ತು. ಆ ಅಲೆಯಲ್ಲಿ ಮೈಸೂರು ಸೀಮೆಯಿಂದ ವಡಪಳನಿಗೆ ಬಂದು ನೆಲೆಸಿದ ಕುಟುಂಬ ನಮ್ಮದು. ಕಪ್ಪು ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಅವರು ನಟರ, ನಿರ್ಮಾಪಕರ, ಸಂಗೀತಗಾರರ ಹೆಸರುಗಳನ್ನು ಬರೆಯುತ್ತಿದ್ದರು. ಒಂದು ಹಲಗೆ, ಐದಾರು ಸಾಲು, ತೆರೆಯ ಮೇಲೆ ಕೆಲವೇ ಸೆಕೆಂಡು. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಬಾರದು. ಯಾರ ಹೆಸರೂ ತನ್ನ ಅಂತಸ್ತಿಗಿಂತ ಕಿರಿದಾಗಬಾರದು.

ಇಕ್ಕಟ್ಟಿನಲ್ಲಿ ಅರಳುವ ಈ ಕಸುಬನ್ನೇ ಡೆಮೊ ರಚಿಸುವವರು ನಿಯಮವನ್ನಾಗಿಸಿಕೊಂಡಿದ್ದಾರೆ. ಅವರ ಒಂದು ಸ್ಪರ್ಧೆಯಲ್ಲಿ ಇಡೀ ಕೃತಿ 64 ಕಿಲೋಬೈಟ್ ಮೀರುವಂತಿಲ್ಲ, ಇನ್ನೊಂದರಲ್ಲಿ 4. ಇಂದಿನ ಯುನಿಕೋಡ್ ಕಡತದಲ್ಲಿ ಕನ್ನಡದ ಒಂದು ಅಕ್ಷರಸಂಕೇತಕ್ಕೆ ಸಾಮಾನ್ಯವಾಗಿ ಮೂರು ಬೈಟ್ ಬೇಕು. ಎಂದರೆ 4 ಕಿಲೋಬೈಟಿನಲ್ಲಿ ಹಿಡಿಯುವುದು ಒಂದು ಪುಟದಷ್ಟು ಕನ್ನಡ. ಅಷ್ಟರಲ್ಲೇ ಅವರು ಬೆಟ್ಟ, ಕಡಲು, ಮೋಡ, ಸಂಗೀತಗಳನ್ನು ಅಡಗಿಸುತ್ತಾರೆ. ಜರ್ಮನಿಯ ಫಾರ್‌ಬ್ರೌಷ್ ತಂಡ 2000ದಲ್ಲಿ 64 ಕಿಲೋಬೈಟಿನೊಳಗೆ ಹತ್ತು ನಿಮಿಷ ಮೀರಿದ ಕೃತಿಯನ್ನು ರಚಿಸಿತು. ಗುಟ್ಟು ಇಷ್ಟೆ: ಚಿತ್ರವನ್ನು ಕೂಡಿಡದೆ, ಚಿತ್ರ ಬರೆಯುವ ಸೂತ್ರವನ್ನಷ್ಟೇ ಇಡುವುದು. ಮೊಸರನ್ನು ಹೊತ್ತೊಯ್ಯದೆ ಹೆಪ್ಪನ್ನು ಮಾತ್ರ ಒಯ್ದಂತೆ.

ಇಲ್ಲಿಂದ ಮುಂದೆ ಎರಡು ದಾರಿಗಳೂ ಬೇರೆಯಾಗುತ್ತವೆ. ಹೆಸರು ಹೇಳದ ಡೆಮೊ ವಿರಳ: ಕ್ರಮವಿಧಿ ಬರೆದವರಾರು, ಸಂಗೀತ ಯಾರದು, ಯಾರಿಗೆ ವಂದನೆ, ಎಲ್ಲವೂ ಅದರಲ್ಲೇ ಇರುತ್ತದೆ. ‘ಸೆಕೆಂಡ್ ರಿಯಾಲಿಟಿ’ಯ ಮೂಲ ಕ್ರಮವಿಧಿಯನ್ನು ಇಪ್ಪತ್ತು ವರ್ಷಗಳ ತರುವಾಯ, 2013ರಲ್ಲಿ, ಎಲ್ಲರಿಗೂ ತೆರೆದಿಟ್ಟರು. 2020ರಲ್ಲಿ ಫಿನ್ಲೆಂಡ್, 2021ರಲ್ಲಿ ಜರ್ಮನಿ ಡೆಮೊಸೀನನ್ನು ತಮ್ಮ ಅಮೂರ್ತ ಸಾಂಸ್ಕೃತಿಕ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿಕೊಂಡವು. ಹುಡುಗರು ತಮ್ಮ ಹೆಸರನ್ನು ತಾವೇ ಬರೆದುಕೊಂಡು, ಒಬ್ಬರದನ್ನೊಬ್ಬರು ಕಾಪಾಡಿದ್ದರಿಂದಲೇ ಪಟ್ಟಿಗೆ ಸೇರಿಸಲು ಒಂದು ಪರಂಪರೆ ಉಳಿದಿತ್ತು.

ನನ್ನ ತಂದೆಯವರು ನೂರಾರು ಜನರ ಹೆಸರು ಬರೆದರು. ಅವರ ಹೆಸರು ತೆರೆಯ ಮೇಲೆ ಬಂದದ್ದು ಬೆರಳೆಣಿಕೆಯ ಸಲ. ಅವರು ಯಾವ ಚಿತ್ರಗಳಿಗೆ ಬರೆದರೆಂಬ ಲೆಕ್ಕ ಎಲ್ಲಿಯೂ ಇಲ್ಲ. ಹಳೆಯ ಚಿತ್ರಗಳ ಮೊದಲ ಎರಡು ನಿಮಿಷಗಳನ್ನು ಮೊಬೈಲಿನಲ್ಲಿ ತೋರಿಸಿದರೆ, ಎಂಬತ್ತು ದಾಟಿದ ಅಮ್ಮ ‘ಳ’ಕಾರದ ತಿರುವನ್ನೋ ‘ಶ್ರೀ’ಯ ಒತ್ತನ್ನೋ ನೋಡಿ, “ಇದು ಅವರ ಕೈ” ಎನ್ನುತ್ತಾರೆ, ಕೆಲವಕ್ಕೆ “ಅಲ್ಲ” ಎಂದು ತಲೆಯಾಡಿಸುತ್ತಾರೆ. ಈವರೆಗೆ ಹದಿನೇಳು ಚಿತ್ರಗಳನ್ನು ಗುರುತಿಸಿದ್ದಾರೆ. ಆ ಕೈಬರಹವನ್ನು ಬಲ್ಲವರು ಈಗ ಅವರೊಬ್ಬರೇ.

ವಿಜಯಾ-ವಾಹಿನಿ ಸ್ಟುಡಿಯೋ ಇದ್ದ ನೆಲದಲ್ಲಿ ಇಂದು ಮಾಲ್ ನಿಂತಿದೆ. ಅದಕ್ಕಾಗಿ ಮರುಗಿ ಫಲವಿಲ್ಲ. ಆದರೆ ಹೊರನಾಡಿನ ಕನ್ನಡಿಗರಾದ ನಮ್ಮ ಮನೆಗಳಲ್ಲಿ ಬಣ್ಣ ಹಚ್ಚಿದವರು, ಬಟ್ಟೆ ಹೊಲಿದವರು, ಧ್ವನಿ ಹಿಡಿದವರು ಇದ್ದಾರೆ, ಅಥವಾ ಅವರನ್ನು ಬಲ್ಲವರಿದ್ದಾರೆ. ಹೆಸರು, ಕೆಲಸ, ಚಿತ್ರ, ವರ್ಷ: ಇಷ್ಟನ್ನು ಬರೆದಿಡಲು ಒಂದು ಪುಟವೂ ಬೇಡ. ಅಮ್ಮ ಗುರುತಿಸಿದ ಹದಿನೇಳನ್ನು ನಾನು ಬರೆದಿಟ್ಟಿದ್ದೇನೆ. ಇನ್ನೂ ನೋಡಬೇಕಾದ ಚಿತ್ರಗಳಿವೆ.